ಕರುವಿಲ್ಲದ ತಬೇಲಾ

ಮುಂಬಯಿಯ ಜೋಗೇಶ್ವರಿ, ಗೋರೆಗಾಂವ್, ಮಲಾಡ್ ಕಡೆಯ ಯಾವ ತಬೇಲಾಕ್ಕೆ, ಎಂದರೆ ಎಮ್ಮೆಕೊಟ್ಟಿಗೆಗೆ, ಹೊಕ್ಕರೂ ಎಮ್ಮೆಗಳು ಸಾಲುಗಟ್ಟಿ ನಿಂತಿರುತ್ತವೆ. ಕರುಗಳನ್ನು ಮಾತ್ರ ಹುಡುಕಬೇಕಾಗುತ್ತದೆ. ಮುಂಬಯಿಯ ಹೈನುಗಾರಿಕೆಯ ಬಗ್ಗೆ ಬರೆಯುವವರೆಲ್ಲ ಸಾಮಾನ್ಯವಾಗಿ ಮೂಗು ಮುಚ್ಚಿಕೊಂಡೇ ಶುರುಮಾಡುತ್ತಾರೆ. ಸಗಣಿ, ಗಂಜಲ, ಕಟ್ಟಿಕೊಂಡ ಗಟಾರ, ನೊಣ. ಅದೆಲ್ಲ ನಿಜವೇ. ಆದರೆ ಇಲ್ಲಿನ ಪಶುಪಾಲನೆ ಯಾಕೆ ಹೀಗಿದೆ, ಇಷ್ಟು ಕಾನೂನು ಇಷ್ಟು ಭಾಷಣ ಆದರೂ ಯಾಕೆ ಬದಲಾಗಿಲ್ಲ ಎಂದು ಕೇಳುವವರು ಕಾಣದ ಆ ಕರುವಿನಿಂದ ಶುರುಮಾಡುವುದು ಒಳ್ಳೆಯದು.

ತಬೇಲಾದ ಲೆಕ್ಕ ಸರಳ. ಮೆಹ್ಸಾಣಾ, ಜಾಫರಾಬಾದಿ, ಮುರ್ರಾ ತಳಿಯ ಎಮ್ಮೆಯನ್ನು ಗುಜರಾತಿನಿಂದಲೋ ಹರಿಯಾಣದಿಂದಲೋ ಈದ ಹೊಸದರಲ್ಲೇ ದುಬಾರಿ ಬೆಲೆ ಕೊಟ್ಟು ತರುತ್ತಾರೆ. ಹಾಲು ಇರುವಷ್ಟು ತಿಂಗಳು ಕರೆಯುತ್ತಾರೆ. ಹಾಲು ಬತ್ತಿದ ಎಮ್ಮೆಯನ್ನು ಗಬ್ಬ ಕಟ್ಟಿಸಿ, ಮುಂದಿನ ಈತದವರೆಗೆ ಸಾಕುವುದಕ್ಕೆ ಮುಂಬಯಿಯ ಜಾಗದ ಬೆಲೆ, ಮೇವಿನ ಬೆಲೆ ಬಿಡುವುದಿಲ್ಲ; ಹೆಚ್ಚಿನವು ವ್ಯಾಪಾರಿಯ ಕೈಸೇರಿ ಕಸಾಯಿಖಾನೆಯ ದಾರಿ ಹಿಡಿಯುತ್ತವೆ. ಇನ್ನು ಕರು. ಅದು ದಿನಕ್ಕೆ ಕುಡಿಯುವ ಒಂದೆರಡು ಲೀಟರ್ ಹಾಲು ಹೋಟೆಲಿಗೆ ಹೋದರೆ ದುಡ್ಡು, ಕರುವಿನ ಹೊಟ್ಟೆಗೆ ಹೋದರೆ ನಷ್ಟ. ಯಾರೂ ಅದನ್ನು ಕೊಲ್ಲಬೇಕಾಗಿಲ್ಲ, ಹಾಲು ಬಿಡದಿದ್ದರೆ ಸಾಕು.

ಕರು ಹೋದ ಮೇಲೆ ತಾಯಿ ತೊರೆ ಬಿಡುವುದಿಲ್ಲ. ಹಿಂದೆ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದರು. ಅದಕ್ಕಿಂತ ಕ್ರೂರವಾದ ಪದ್ಧತಿ ‘ಫೂಕಾ’: ಎಮ್ಮೆಯ ಯೋನಿಗೆ ಕೊಳವೆಯಿಂದ ಗಾಳಿ ಊದಿ ಹಾಲು ಇಳಿಸುವುದು. ಗಾಂಧೀಜಿ ಹಾಲು ಬಿಟ್ಟದ್ದರ ಹಿಂದೆ ಈ ಹಿಂಸೆಯ ಅಸಹ್ಯವೂ ಇತ್ತು. 1919ರಲ್ಲಿ ಮುಂಬಯಿಯಲ್ಲಿ ಕಾಯಿಲೆ ಬಿದ್ದಾಗ ವೈದ್ಯರು ಹಾಲು ಕುಡಿಯಲೇಬೇಕೆಂದು ಹಟ ಹಿಡಿದರು. ವ್ರತ ಹಸು ಎಮ್ಮೆಗಳ ಹಾಲಿಗೆ ತಾನೇ ಎಂದು ಕಸ್ತೂರಬಾ ಆಡಿನ ಹಾಲಿನ ದಾರಿ ತೋರಿದರು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಫೂಕಾವನ್ನು ಹೆಸರೆತ್ತಿಯೇ ಅಪರಾಧವೆಂದಿತು. ಕೊಳವೆ ಹೋಯಿತು, ಅದರ ಜಾಗಕ್ಕೆ ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನಿನ ಸೂಜಿ ಬಂತು. ಸಾಧನ ಬದಲಾಯಿತೇ ಹೊರತು ಸಾಧನವನ್ನು ಬೇಡುತ್ತಿದ್ದ ಲೆಕ್ಕ ಬದಲಾಗಲಿಲ್ಲ.

ಸುರಕ್ಷಿತ ಪಶುಪಾಲನೆಯ ಬಗೆಗಿನ ನಮ್ಮ ಸರಕಾರಿ ಸಾಹಿತ್ಯದ ದೊಡ್ಡ ದೋಷ ಇಲ್ಲೇ ಇದೆ. ಅದು ಎಲ್ಲವನ್ನೂ ‘ಅರಿವಿನ ಕೊರತೆ’ ಎನ್ನುತ್ತದೆ. ಶಿಬಿರ ಮಾಡಿ, ಕರಪತ್ರ ಹಂಚಿ, ಫೋಟೊ ಹಿಡಿಸಿಕೊಂಡರೆ ಅರಿವು ಮೂಡಿತು ಎಂದು ಲೆಕ್ಕ. ಮೂರು ತಲೆಮಾರಿನಿಂದ ಎಮ್ಮೆ ಕಟ್ಟುತ್ತಿರುವ ತಬೇಲಾ ಮಾಲೀಕನಿಗೆ ಕೆಚ್ಚಲು ಬಾವು ಹೇಗೆ ಬರುತ್ತದೆಂದು ಗೊತ್ತಿಲ್ಲವೇ? ಒದ್ದೆ ನೆಲ, ಕೊಳಕು ಕೈ, ಪೂರ್ತಿ ಕರೆಯದೆ ಬಿಟ್ಟ ಮೊಲೆ: ಎಲ್ಲ ಗೊತ್ತು. ಹತ್ತು ತಿಂಗಳಲ್ಲಿ ಕೈಬಿಟ್ಟು ಹೋಗುವ ಪ್ರಾಣಿಯ ಮೇಲೆ ಎಷ್ಟು ಖರ್ಚು ಮಾಡಬಹುದು ಎಂಬುದೂ ಗೊತ್ತು.

ಕಂದು ರೋಗದ ಉದಾಹರಣೆ ನೋಡಿ. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ದನಗಳಿಗೆ ಗರ್ಭಪಾತ. ಮನುಷ್ಯರಿಗೆ ತಗಲಿದರೆ ಬಂದು ಹೋಗುವ ಜ್ವರ, ಕೀಲುನೋವು, ತಿಂಗಳುಗಟ್ಟಲೆ ಸುಸ್ತು. 2019ರ ಸೆಪ್ಟೆಂಬರಿನಲ್ಲಿ ಮಥುರೆಯಲ್ಲಿ ಪ್ರಧಾನಿ ಉದ್ಘಾಟಿಸಿದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಜೊತೆಗೆ ಇದಕ್ಕೂ ಉಚಿತ ಲಸಿಕೆ ಇದೆ. ಯಾರಿಗೆ? ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ. ವಿಜ್ಞಾನ ಸರಿಯಾಗಿಯೇ ಇದೆ. ತಬೇಲಾದಲ್ಲಿ ಆ ವಯಸ್ಸಿನ ಕರುವೇ ಇಲ್ಲ. ಗರ್ಭಪಾತದ ಭಯ ಹುಟ್ಟಿಸೋಣ ಎಂದರೆ ಗಬ್ಬವೂ ಇಲ್ಲ. ಮಂಡ್ಯದ ಹಳ್ಳಿಯೊಂದರಲ್ಲಿ ಎರಡು ಹಸು ಸಾಕಿಕೊಂಡ ಹೆಂಗಸು ಹೆಣ್ಣುಗರುವನ್ನು ಲಸಿಕೆಗೆ ಎಳೆದು ತರುತ್ತಾಳೆಂದರೆ ಅವಳು ತಬೇಲಾದವನಿಗಿಂತ ವಿದ್ಯಾವಂತೆ ಎಂದಲ್ಲ. ಆ ಕರು ನಾಳೆ ಹಸುವಾಗುತ್ತದೆ, ಡೇರಿಯ ಬಟವಾಡೆ ತರುತ್ತದೆ.

ತೊಡಕಿರುವುದು ಅರಿವಿನಲ್ಲಲ್ಲ, ಲೆಕ್ಕದಲ್ಲಿ ಎಂಬುದನ್ನು ಒಬ್ಬ ಅಧಿಕಾರಿ ಎಂದೋ ಕಂಡುಕೊಂಡಿದ್ದರು. ದಾರಾ ಖುರೋಡಿ. ಅವರ ಮುಂದಾಳುತನದಲ್ಲಿ 1949ರಲ್ಲಿ ಗೋರೆಗಾಂವಿನ ಗುಡ್ಡಗಾಡಿನಲ್ಲಿ ಆರೇ ಹಾಲಿನ ಕಾಲೊನಿ ಎದ್ದಿತು, ಸುಮಾರು 1,287 ಹೆಕ್ಟೇರ್ ವಿಸ್ತಾರದಲ್ಲಿ. ಊರಿನ ನಡುವಿನ ಇಕ್ಕಟ್ಟಿನ ಕೊಟ್ಟಿಗೆಗಳಿಂದ ಸುಮಾರು 16,000 ಎಮ್ಮೆಗಳು ಇಲ್ಲಿನ ಘಟಕಗಳಿಗೆ ಬಂದವು. ನೆಹರೂ 1951ರಲ್ಲಿ ಬಂದು ನೋಡಿದರು. 1963ರಲ್ಲಿ ಖುರೋಡಿ, ತ್ರಿಭುವನದಾಸ್ ಪಟೇಲ್, ವರ್ಗೀಸ್ ಕುರಿಯನ್ ಮೂವರಿಗೂ ಸೇರಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕುರಿಯನ್ ಹೆಸರು ಇಂದು ಮಕ್ಕಳಿಗೂ ಗೊತ್ತು. ಖುರೋಡಿಯ ಹೆಸರು ಮುಂಬಯಿಯವರಿಗೇ ಮರೆತಿದೆ.

ಆರೇಯ ಯೋಜನೆಯಲ್ಲಿ ನನಗೆ ಮೆಚ್ಚುಗೆಯಾಗುವುದು ಅದರ ಕರಾರು. ಎಮ್ಮೆ ಮಾಲೀಕನದೇ. ಕೊಟ್ಟಿಗೆ, ನೀರು, ಹಸಿ ಮೇವು, ಪಶುವೈದ್ಯರು ಸರಕಾರದ್ದು. ಅದಕ್ಕೆ ತಲೆಗಿಷ್ಟು ಎಂದು ತಿಂಗಳ ಶುಲ್ಕ. ಹಾಲನ್ನು ಸರಕಾರಿ ಡೇರಿಗೇ ಕೊಡಬೇಕು, ಡೇರಿ ಕೊಳ್ಳಲೇಬೇಕು. ಶುಚಿಯಾಗಿರು ಎಂದು ಮಾಲೀಕನಿಗೆ ಉಪದೇಶ ಮಾಡುವ ಬದಲು ಶುಚಿಯಾಗಿರುವುದನ್ನು ಸುಲಭ ಮಾಡಿಕೊಟ್ಟರು. ಇಳಿಜಾರಿನ ನೆಲ ಹಾಕಿದ ಮೇಲೆ ಗಂಜಲ ಹರಿದುಹೋಗಲು ಯಾರ ಅರಿವೂ ಬೇಕಾಗುವುದಿಲ್ಲ. ಆದರೆ ಈ ಕರಾರಿನ ಪ್ರಾಣವಿದ್ದದ್ದು ದರದಲ್ಲಿ. ನಗರದವರಿಗೆ ಹಾಲು ಅಗ್ಗವಾಗಿರಬೇಕೆಂದು ಸರಕಾರ ಕೊಳ್ಳುವ ಬೆಲೆಯನ್ನು ಹಿಡಿದಿಟ್ಟಿತು, ಹೊರಗಿನ ಮಾರುಕಟ್ಟೆ ಮೇಲೇರಿತು. ಕ್ಯಾನುಗಳು ಡೇರಿಗೆ ಹೋಗುವ ಬದಲು ಮಿಠಾಯಿ ಅಂಗಡಿಗಳ, ಹೋಟೆಲುಗಳ ಕಡೆ ತಿರುಗಿದವು. ಆಮೇಲೆ ಆರೇಯ ಜಮೀನೇ ತುಂಡುತುಂಡಾಗಿ ಫಿಲ್ಮ್ ಸಿಟಿಗೆ, ಮೆಟ್ರೊ ಕಾರ್ ಶೆಡ್ಡಿಗೆ ಹೋಯಿತು. 2019ರ ಅಕ್ಟೋಬರಿನ ಒಂದು ರಾತ್ರಿ ಕಾರ್ ಶೆಡ್ಡಿಗಾಗಿ ಮರ ಕಡಿದಾಗ ಇಡೀ ನಗರ ಮರಗಳಿಗಾಗಿ ಕೂಗಿತು, ಅದು ಸರಿಯೇ. ಕೊಟ್ಟಿಗೆಗಳ ಗತಿ ಕೇಳಿದವರು ಕಡಿಮೆ.

ಕಾಲೊನಿಯ ಹೊರಗೆ ಉಳಿದ ತಬೇಲಾಗಳ ಮೇಲೆ ಸರಕಾರ ಹಿಡಿದ ಅಸ್ತ್ರ ಬೇರೆ. 1976ರಲ್ಲಿ ನಗರ ಪ್ರದೇಶಗಳಲ್ಲಿ ದನ ಸಾಕುವುದನ್ನೂ ಸಾಗಿಸುವುದನ್ನೂ ನಿಯಂತ್ರಿಸುವ ಮಹಾರಾಷ್ಟ್ರದ ಕಾಯ್ದೆ ಬಂತು: ಲೈಸೆನ್ಸ್, ತಲೆಯೆಣಿಕೆ, ದಂಡ. ಮುಂದೆ ಹೈಕೋರ್ಟ್ ತಬೇಲಾಗಳನ್ನು ಊರಾಚೆ ದಾಪಚಾರಿಗೆ ಸಾಗಿಸಲು ಹೇಳಿತು. ದಾಪಚಾರಿ ಇರುವುದು ಇಂದಿನ ಪಾಲ್ಘರ್ ಜಿಲ್ಲೆಯ ಕೊನೆಯಲ್ಲಿ, ಗುಜರಾತಿನ ಗಡಿಗೆ ತಾಗಿ. ಬೆಳಗಿನ ಜಾವ ಕರೆದ ಹಸಿ ಹಾಲನ್ನು ಆರು ಗಂಟೆಗೆ ಅಂಧೇರಿಯ ಮನೆಬಾಗಿಲಿಗೆ ಹಾಕುವುದೇ ತಬೇಲಾದ ಬಂಡವಾಳ. ಅದನ್ನು ನೂರು ಕಿಲೋಮೀಟರಿಗಿಂತ ಆಚೆ ಒಯ್ದರೆ ಪ್ಯಾಕೆಟ್ ಹಾಲಿಗೂ ಇದಕ್ಕೂ ವ್ಯತ್ಯಾಸವೇನು? ವ್ಯಾಜ್ಯ ಎಳೆಯಿತು, ಬಹಳಷ್ಟು ತಬೇಲಾಗಳು ಇದ್ದಲ್ಲೇ ಉಳಿದವು. ನನ್ನ ಮಟ್ಟಿಗೆ ಈ ಸ್ಥಳಾಂತರ ನೀತಿಯಷ್ಟು ಹಾನಿಯನ್ನು ಅಜ್ಞಾನವೂ ಮಾಡಿಲ್ಲ. ನಾಳೆ ಕೆಡವುವ ಮನೆಗೆ ಇವತ್ತು ಯಾರು ಸುಣ್ಣ ಹೊಡೆಯುತ್ತಾರೆ? ನೆಲಕ್ಕೆ ಸಿಮೆಂಟ್, ಗಂಜಲಕ್ಕೆ ಗುಂಡಿ, ಎಲ್ಲದಕ್ಕೂ ಒಂದೇ ಉತ್ತರ: ಎಬ್ಬಿಸುತ್ತಾರಂತೆ, ನೋಡೋಣ. ಆ ‘ನೋಡೋಣ’ದಲ್ಲೇ ವರ್ಷಗಳು ಹೋದವು. ಸಗಣಿ ಓಶಿವರಾ, ಪೋಯಿಸರ್, ದಹಿಸರ್ ನದಿಗಳಿಗೆ ಹೋಯಿತು. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಡೇರಿಗಳಿಗೆಂದು ಮಾರ್ಗಸೂಚಿ ಹೊರಡಿಸಿತು. ಒಳ್ಳೆಯ ಕಾಗದ. ಆದರೆ ಜಾಗದ ಭರವಸೆ ಇಲ್ಲದವನಿಗೆ ಅದು ಮತ್ತೊಂದು ನೋಟಿಸು, ಅಷ್ಟೇ.

ದನಗಳಿಗೆ ಕೊಡುವ ಔಷಧಿಗಳಿಗೆ ಕಡಿವಾಣ ಹಾಕುವ ವಿಷಯದಲ್ಲೂ ನಮ್ಮ ಕಣ್ಣೆದುರೇ ಎರಡು ಪ್ರಯೋಗ ನಡೆದಿವೆ. ಒಂದು ಸೋತಿತು, ಇನ್ನೊಂದು ಬಹುಪಾಲು ಗೆದ್ದಿತು. ಸೋತದ್ದು ಆಕ್ಸಿಟೋಸಿನ್. 2018ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಖಾಸಗಿ ಕಂಪನಿಗಳು ದೇಶದೊಳಗಿನ ಬಳಕೆಗೆ ಅದನ್ನು ತಯಾರಿಸಕೂಡದು, ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಸಂಸ್ಥೆಯೊಂದೇ ತಯಾರಿಸಲಿ ಎಂದಿತು. ಹೆರಿಗೆಯ ರಕ್ತಸ್ರಾವ ತಡೆಯಲು ಇದೇ ಔಷಧಿ ಬೇಕು. ತಾಯಂದಿರ ಜೀವಕ್ಕೆ ಕುತ್ತು ಬಂದೀತೆಂದು ಕೋರ್ಟಿಗೆ ದೂರು ಹೋಯಿತು. ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟ್ ಆದೇಶವನ್ನೇ ರದ್ದುಮಾಡಿತು. ಸೂಜಿಯ ಹಾರ್ಮೋನು ಹಾಲಿಗೆ ಬಂದು ನಮ್ಮ ಮಕ್ಕಳನ್ನು ಕೆಡಿಸುತ್ತದೆ ಎಂಬ ವಾಟ್ಸಾಪ್ ಭಯಕ್ಕೂ ಗಟ್ಟಿ ಆಧಾರವಿಲ್ಲ. ಅದು ಹೊಟ್ಟೆಯಲ್ಲಿ ಜೀರ್ಣವಾಗಿಹೋಗುವ ಪೆಪ್ಟೈಡ್. ನೋವು ಎಮ್ಮೆಯದು, ದಿನಕ್ಕೆ ಎರಡು ಸಲ.

ಗೆದ್ದದ್ದು ಡೈಕ್ಲೋಫೆನಾಕ್. ದನಗಳ ನೋವಿಗೆ ಕೊಡುತ್ತಿದ್ದ ಈ ಔಷಧಿ ಉಳಿದ ಕಳೇಬರ ತಿಂದು ರಣಹದ್ದುಗಳು ಸಾಯುತ್ತಿದ್ದವು. ಹದ್ದುಗಳಿಲ್ಲದೆ ಮಲಬಾರ್ ಹಿಲ್‌ನ ಡೂಂಗರ್‌ವಾಡಿಯಲ್ಲಿ, ಶವವನ್ನು ಹದ್ದುಗಳಿಗೆ ಒಪ್ಪಿಸುವ ಪಾರಸಿಗಳ ಅಂತ್ಯಸಂಸ್ಕಾರವೇ ಕಷ್ಟಕ್ಕೆ ಬಿತ್ತು, ಸೂರ್ಯನ ಬಿಸಿಲನ್ನು ಕೇಂದ್ರೀಕರಿಸುವ ಕನ್ನಡಿಗಳನ್ನು ಇಡಬೇಕಾಯಿತು. 2006ರಲ್ಲಿ ಪಶುಬಳಕೆಗೆ ನಿಷೇಧ ಬಂದಾಗ ಕೈಗೆ ಸಿಗುವ ಬದಲಿ ಔಷಧಿ, ಮೆಲಾಕ್ಸಿಕಾಮ್, ಸಿದ್ಧವಿತ್ತು. ಆದರೂ ಮನುಷ್ಯರ ದೊಡ್ಡ ಬಾಟಲಿಗಳು ದನಗಳಿಗೆ ಹೋಗುತ್ತಿದ್ದವು. 2015ರಲ್ಲಿ ಮನುಷ್ಯರ ಇಂಜೆಕ್ಷನನ್ನು 3 ಮಿಲಿಲೀಟರಿನ ಒಂಟಿ ಡೋಸಿಗೆ ಇಳಿಸಿದರು. ಎಮ್ಮೆಯಂಥ ಪ್ರಾಣಿಗೆ ಅಂಥ ಸೀಸೆಗಳನ್ನು ರಾಶಿ ಒಡೆಯಬೇಕು, ಯಾರು ಒಡೆಯುತ್ತಾರೆ? ರಣಹದ್ದಿನ ಮೇಲೆ ರೈತನಿಗೆ ಪ್ರೀತಿ ಹುಟ್ಟುವವರೆಗೆ ಯಾರೂ ಕಾಯಲಿಲ್ಲ. ಆಕ್ಸಿಟೋಸಿನ್‌ಗೆ ಬದಲಿ ಏನು? ಕರು. ಅದನ್ನು ಬದುಕಿಸಲು ಯಾರೂ ದುಡ್ಡು ಇಡಲಿಲ್ಲ.

ಇನ್ನೊಂದು ಮಾತು, ಇದು ನಮ್ಮವರಿಗೂ ತಾಗುತ್ತದೆ. ಭಾರತದ ಗೃಹಿಣಿ ಹಾಲನ್ನು ಉಕ್ಕಿಸದೆ ಬಳಸುವುದಿಲ್ಲ. ಕಂದು ರೋಗ, ಕ್ಷಯದಂಥವು ಒಲೆಯ ಮೇಲೇ ಸಾಯುತ್ತವೆ. ಇದು ಪುಣ್ಯ, ಆದರೆ ಇದರಿಂದಲೇ ಗಿರಾಕಿಗೆ ಕೊಟ್ಟಿಗೆಯ ಗೊಡವೆ ಇಲ್ಲವಾಗಿದೆ. ಅಪಾಯ ಉಳಿಯುವುದು ಹಾಲು ಕರೆಯುವ ಭಯ್ಯಾನಿಗೆ. ಉತ್ತರಪ್ರದೇಶದ ಹಳ್ಳಿಯಿಂದ ಬಂದು, ಎಮ್ಮೆಗಳ ಪಕ್ಕದಲ್ಲೇ ಮಲಗಿ, ಮಳೆಗಾಲದಲ್ಲಿ ಮೊಣಕಾಲುದ್ದ ಗಂಜಲದಲ್ಲಿ ನಿಲ್ಲುವವನು ಅವನು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದು ತಬೇಲಾಗಳು ಮುಳುಗಿದಾಗ, ಕಟ್ಟಿದ ಎಮ್ಮೆಗಳು ಕಟ್ಟಿದಲ್ಲೇ ಸತ್ತವು; ಬೆನ್ನಿಗೇ ಇಲಿಜ್ವರ ಬಂತು. ಇಲಿಯ ಮೂತ್ರದಿಂದಷ್ಟೇ ಅಲ್ಲ, ದನದ ಮೂತ್ರದಿಂದಲೂ ಅದು ಹರಡುತ್ತದೆ. ನೆಲ ಹಾಕಿಸಬೇಕೋ ಬೇಡವೋ ಎಂದು ತೀರ್ಮಾನಿಸುವವನು ಮಾಲೀಕ, ಜ್ವರ ಬರುವುದು ಆಳಿಗೆ. ಅಪಾಯ ಒಬ್ಬನದು, ನಿರ್ಧಾರ ಇನ್ನೊಬ್ಬನದು ಆದಾಗ ಯಾವ ಪ್ರಾತ್ಯಕ್ಷಿಕೆಯೂ ಕೆಲಸ ಮಾಡುವುದಿಲ್ಲ.

ಕುದಿಸಿದರೂ ಹೋಗದವು ಕೆಲವಿವೆ. ಆಹಾರ ಸುರಕ್ಷತಾ ಪ್ರಾಧಿಕಾರ 2019ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ದೇಶದ 6,432 ಹಾಲಿನ ಮಾದರಿಗಳ ಪೈಕಿ ಶೇಕಡಾ 5.7ರಲ್ಲಿ ಮಿತಿ ಮೀರಿದ ಅಫ್ಲಟಾಕ್ಸಿನ್ ಇತ್ತು, ಬೂಷ್ಟು ಹಿಡಿದ ಹಿಂಡಿಯಿಂದ ಹಾಲಿಗೆ ಇಳಿಯುವ ವಿಷ. ಶೇಕಡಾ 1.2ರಲ್ಲಿ ಆಂಟಿಬಯಾಟಿಕ್ ಶೇಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ದನದ ಮೇವಿನ ಚುನಿಯ ಮೂಟೆ ಒಣಗಿರುತ್ತದೆಯೇ?

ಹಾಗಾದರೆ ಮಾಲೀಕನ ಮೇಲೆ ಹಿಡಿತ ಇರುವುದು ಯಾರಿಗೆ? ಕೊಳ್ಳುವವನಿಗೆ. ಮುಂಬಯಿಯಲ್ಲಿ ಸಗಟಾಗಿ ಎಮ್ಮೆ ಹಾಲು ಕೊಳ್ಳುವವರಲ್ಲಿ ಉಡುಪಿ ಹೋಟೆಲುಗಳ ನಮ್ಮ ಜನ ಸಾಕಷ್ಟಿದ್ದಾರೆ. ಮಾಟುಂಗದ ಕಾಫಿಗೆ ಗಟ್ಟಿ ಹಾಲೇ ಬೇಕು. ಅವರು ನೋಡುವುದು ಕೆನೆ, ನೀರು ಬೆರೆಸಿದೆಯೇ ಎಂಬುದು, ಹೊತ್ತಿಗೆ ಬಂತೇ ಎಂಬುದು. ತಬೇಲಾದವನು ಈ ಮೂರನ್ನೂ ಚಾಚೂ ತಪ್ಪದೆ ಪಾಲಿಸುತ್ತಾನೆ, ಯಾಕೆಂದರೆ ಕೇಳುವವರಿದ್ದಾರೆ. 2023ರ ಮಾರ್ಚಿನಲ್ಲಿ ಹಾಲು ಉತ್ಪಾದಕರ ಸಂಘ ಸಗಟು ದರವನ್ನು ಲೀಟರಿಗೆ 80ರಿಂದ 85 ರೂಪಾಯಿಗೆ ಏರಿಸಿದಾಗ ಕೊಟ್ಟ ಕಾರಣ ತೊಗರಿ ಚುನಿ, ಕಡಲೆ ಚುನಿ, ಹಿಂಡಿಗಳ ಬೆಲೆ. ಗಿರಾಕಿಗಳು ಗೊಣಗಿದರು, ಕೊಟ್ಟರು. ಆ ಐದು ರೂಪಾಯಿಯಲ್ಲಿ ಒಂದು ರೂಪಾಯಿಯನ್ನು ಒಣ ನೆಲಕ್ಕೆ, ಬೂಷ್ಟಿಲ್ಲದ ಮೇವಿಗೆ, ಕರೆಯುವವನ ರಕ್ತಪರೀಕ್ಷೆಗೆ ಗಂಟುಹಾಕಿ ಎಂದು ಹೋಟೆಲಿನವರು ಕೇಳಬಹುದಿತ್ತು. ದರ ಏರುವುದು ಇದೇ ಕೊನೆಯಲ್ಲ. ಮುಂದಿನ ಸಲವಾದರೂ ಚೌಕಾಶಿಗೆ ಕೂತಾಗ ದರದ ಜೊತೆ ಈ ಶರತ್ತನ್ನೂ ಮೇಜಿನ ಮೇಲೆ ಇಡಬಹುದು. ಅದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ.