ಒತ್ತಿಗೊಂದಿಷ್ಟು ಜಾಗ

ಗುಗೆನ್‌ಹೈಮ್ ಮ್ಯೂಸಿಯಂನಿಂದಲೇ ಶುರು ಮಾಡುತ್ತೇನೆ. ಲಿಫ್ಟಿನಲ್ಲಿ ಮೇಲೇರಿ, ಸುರುಳಿ ಇಳಿಜಾರಿನಲ್ಲಿ ಚಿತ್ರ ನೋಡುತ್ತ ಇಳಿದು ಬನ್ನಿ ಎಂಬುದು ಅದರ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರ ಎಣಿಕೆ. 1959ರಲ್ಲಿ ತೆರೆದ ಆ ಕಟ್ಟಡದಲ್ಲಿ ನೆಲವೇ ದಾರಿ ಹೇಳುತ್ತದೆ. ಮಿಕ್ಕ ಮ್ಯೂಸಿಯಂಗಳಿಗೆ ಬಾಣವೇ ಗತಿ.

ಬಾಣದ ಮೇಲೆ ನನಗಿರುವ ತಕರಾರು ಹಳೆಯದು. ಲೂವ್ರ್‌ನ ಬೋರ್ಡುಗಳಲ್ಲಿ ಮೋನಾಲಿಸಾಳ ಪುಟ್ಟ ಚಿತ್ರದ ಜೊತೆಗೊಂದು ಬಾಣ. ಅದರ ಬೆನ್ನು ಹತ್ತಿದವರೆಲ್ಲ 77 ಸೆಂ.ಮೀ. ಎತ್ತರದ ಆಕೆಯತ್ತ ಮೊಬೈಲ್ ಎತ್ತುತ್ತಾರೆ. ಅವರು ಬೆನ್ನು ಹಾಕಿ ನಿಂತ ಎದುರುಗೋಡೆಯಲ್ಲಿರುವುದು ವೆರೊನೇಸೆಯ ‘ಕಾನಾದ ಮದುವೆ’, ಹತ್ತಿರಹತ್ತಿರ 10 ಮೀಟರ್ ಅಗಲದ್ದು! ಬಾಣ ಒಂದನ್ನು ತೋರಿಸುವಾಗಲೇ ಇನ್ನೊಂದನ್ನು ಮರೆಸುತ್ತದೆ.

ಹಾಗಂತ ಬೋರ್ಡೇ ಬೇಡ ಎನ್ನುವ ಪಂಗಡಕ್ಕೆ ನಾನು ಸೇರಿದವನಲ್ಲ. ಕಲೆಗೆ ಅಡ್ಡಿಯಾಗಬಾರದೆಂದು ಬಿಳಿ ಗೋಡೆಯ ಮೇಲೆ ತಿಳಿಬೂದಿಯ ಸಣ್ಣಕ್ಷರ ಅಂಟಿಸುವ ವಿನ್ಯಾಸಕಾರರ ದಯೆಯಿಂದ, ನನ್ನ ವಯಸ್ಸಿನವರಿಗೆ ಶೌಚಾಲಯವೂ ಅಮೂರ್ತ ಕಲೆಯಾಗಿದೆ.

ನನ್ನ ನಿಜವಾದ ಸಿಟ್ಟು ಬೇರೆ. ಈಚೆಗೆ ಒಂದು ಗ್ಯಾಲರಿಯಲ್ಲಿ ಚೌಕಟ್ಟು ಹಾಕಿದ ಬೋರ್ಡು ಕಂಡೆ. ಇಂಗ್ಲಿಷಿಗೆ ಅಳೆದಷ್ಟೇ ಜಾಗದಲ್ಲಿ ಕನ್ನಡವನ್ನೂ ತುರುಕಿದ್ದರು. ಕೆಳಗಿನ ಪಟ್ಟಿ ಒತ್ತಕ್ಷರಗಳನ್ನು ನುಂಗಿ ‘ಪ್ರವೇಶವಿಲ್ಲ’ ಹೋಗಿ ‘ಪವೇಶವಿಲ’ ಆಗಿತ್ತು. ಇಟಲಿಯ ಯಾವುದೋ ಚಿತ್ರಕಾರನ ಹೆಸರಿನಂತಿದೆ! ಸ್ಟೂಲಿನ ಮೇಲೆ ಕೂತಿದ್ದ ಕಾವಲುಗಾರರನ್ನು ಕೇಳಿದೆ.

‘ಒಳಗೆ ಹೋಗಂಗಿಲ್ಲ ಅಂತ ಸಾರ್. ಬಂದೋರಿಗೆಲ್ಲ ನಾನೇ ಎದ್ದು ಹೇಳ್ತೀನಿ.’

ಇಂಗ್ಲಿಷಿನ ಜಿ, ಪಿ, ವೈಗಳಿಗೆ ಗೆರೆಯ ಕೆಳಗೆ ಇಳಿಯುವುದು ಬರೀ ಒಂದು ಬಾಲ. ನಮ್ಮಲ್ಲಿ ಇನ್ನೊಂದು ಅಕ್ಷರವೇ ಬಂದು ಕೂರುತ್ತದೆ, ಕೆಲವೊಮ್ಮೆ ಎರಡು. ಬೆಂಗಳೂರಿನ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ತೆರೆದ ಸಂಗ್ರಹಾಲಯದ ಹೆಸರು ಶುರುವಾಗುವುದೇ ‘ರಾಷ್ಟ್ರೀಯ’ದಿಂದ. ಷಕಾರಕ್ಕೆ ಟಕಾರದ ಒತ್ತು, ಸಾಲದ್ದಕ್ಕೆ ರಕಾರದ್ದೂ. ಆ ಒಂದು ಪದ ಹಿಡಿಸಿದರೆ ಬೇರೆ ಯಾವುದಾದರೂ ಹಿಡಿಸುತ್ತದೆ. ಮೊದಲು ಅದನ್ನು ಬರೆದು ನೋಡಿ, ಆಮೇಲೆ ಚೌಕಟ್ಟು ಕತ್ತರಿಸಿ. ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಸೀಮೆಸುಣ್ಣದ ಗೆರೆ ಎಳೆಯುವಾಗಲೇ ಒತ್ತಿಗೆ ಜಾಗ ಬಿಡುತ್ತಿದ್ದರು.

ಇಷ್ಟನ್ನೂ ಕಾವಲುಗಾರರಿಗೆ ವಿವರಿಸುತ್ತಿದ್ದೆ. ಅಷ್ಟರಲ್ಲಿ ಯಾರೋ ಬಂದು ಬಾಗಿಲಿಗೆ ಕೈ ಹಾಕಿದರು. ‘ಒಂದ್ನಿಮಿಷ ಸಾರ್’ ಎಂದು ಅವರು ಸ್ಟೂಲಿನಿಂದೆದ್ದರು.