ಅಗಸ್ಟೀನರ ಅಳುಕು

ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ಪರಾಗಿದ್ದ ಸಂತ ಅಗಸ್ಟೀನರು ಕ್ರಿ.ಶ. 400ರ ಸುಮಾರಿಗೆ ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ‘ಕನ್ಫೆಷನ್ಸ್’ ದೇವರನ್ನೇ ಸಂಬೋಧಿಸಿದ ಆತ್ಮನಿವೇದನೆ. ಅದರ ಹತ್ತನೆಯ ಭಾಗದ ಒಂದು ವಿಚಾರವನ್ನು ಭಕ್ತರಾದ ವಾಚಕರು ಅವಶ್ಯವಾಗಿ ಮನನ ಮಾಡಬೇಕು.

ಹಿಂದೆ ಮಿಲಾನಿನ ಇಗರ್ಜಿಯಲ್ಲಿ ಸ್ತುತಿಗೀತೆ ಕೇಳಿ ಕಣ್ಣೀರು ಸುರಿಸಿದ್ದ ಅವರನ್ನು ಇಲ್ಲಿ ಒಂದು ಅಳುಕು ಕಾಡುತ್ತದೆ: ಮನ ಕರಗುವುದು ಸ್ತುತ್ಯನಾದ ದೇವನಿಗೋ, ಕೊರಳಿನ ಇಂಪಿಗೋ? ಇಂಪಿಗೇ ಮನಸೋತಾಗ ಅದು ಪಾಪವೆಂದು ಒಪ್ಪಿಕೊಳ್ಳುತ್ತಾರೆ. ಆದರೂ ಗಾನವನ್ನು ನಿಷೇಧಿಸುವುದಿಲ್ಲ. ದುರ್ಬಲ ಮನಸ್ಸು ಕಿವಿಯ ಸುಖದಿಂದಲಾದರೂ ಭಕ್ತಿಗೆ ಏರಲೆಂದು ಸಮ್ಮತಿಸುತ್ತಾರೆ.

ಈ ತೀರ್ಮಾನದಲ್ಲಿ ದೃಢತೆ ಸಾಲದೆಂದು ಆಕ್ಷೇಪಿಸಬಹುದು. ಆದರೆ ಆ ತೂಗಾಟವೇ ಗ್ರಂಥದ ಸತ್ವ. ಸಾಧನವು ಸಾಧ್ಯದ ಸ್ಥಾನವನ್ನು ಕಸಿಯದಂತೆ ಅದು ಕಾವಲು ನಿಂತಿದೆ. ವಚನಗಾಯನಕ್ಕೆ ತಲೆದೂಗುವ ನಾವೂ ಅದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಡವೇ?