ಲಟಕ್ ಎಂದದ್ದು ಮೂಳೆಯಲ್ಲ

ನಮ್ಮ ಶೀಳನೆರೆ ಕಡೆಯ ಹಳ್ಳಿಗಳಲ್ಲಿ ನಾಟಿಯೋ ಕಬ್ಬು ಕಡಿತವೋ ಮುಗಿಯುವ ಹೊತ್ತಿಗೆ ‘ಸೊಂಟ ಹಿಡ್ಕಂಡದೆ’ ಎಂಬ ಮಾತು ಮನೆಮನೆಯಲ್ಲೂ ಕೇಳುತ್ತದೆ. ಉಳುಕು ಬಿಡಿಸಲು ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸಿಕೊಳ್ಳುವುದು ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಪಟ್ಟಣದಲ್ಲಿ ಅದರ ದಾಯಾದಿಗೆ ಕೈರೋಪ್ರಾಕ್ಟಿಕ್ ಎಂಬ ಹೆಸರು. ಜೊತೆಗೆ ಬಿಳಿ ಕೋಟು, ಲಟಲಟ ವಿಡಿಯೊ. ತುಳಿಯುವವರನ್ನು ನೋಡಿ ನಕ್ಕವರೇ ಇಲ್ಲಿ ಟೋಕನ್ ಹಿಡಿದು ಕೂತಿರುತ್ತಾರೆ.

ಬೆನ್ನು ಒತ್ತಿ ತಿರುಗಿಸುವ ಈ ಚಿಕಿತ್ಸೆ ಪೂರ್ತಿ ಬುರುಡೆಯಲ್ಲ. 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅವಲೋಕನ 47 ಪ್ರಯೋಗಗಳನ್ನು, 9,211 ರೋಗಿಗಳನ್ನು ಒಟ್ಟಿಗಿಟ್ಟು ನೋಡಿತು. ಹಳೆಯ ಸೊಂಟನೋವಿಗೆ ಇದರ ಫಲ ವ್ಯಾಯಾಮದಂಥ ಶಿಫಾರಸಿನ ಚಿಕಿತ್ಸೆಗಳಷ್ಟೇ. ಹೊಸ ನೋವಿಗೆ, 2017ರ ಅಮೆರಿಕದ ಅವಲೋಕನದ ಪ್ರಕಾರ, ನೋವಿನ 100ರ ಅಳತೆಯಲ್ಲಿ ಸುಮಾರು 10 ಅಂಕ ಇಳಿಯಿತು. ಆದರೆ ಹೊಸ ಉಳುಕು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ತುಳಿದವರಿಗೆ.

ನನ್ನ ತಕರಾರು ಕೈಯ ಮೇಲಲ್ಲ, ಕೈಗೆ ಕಲಿಸುವ ಕಥೆಯ ಮೇಲೆ. 1895ರಲ್ಲಿ ಅಮೆರಿಕದ ಡ್ಯಾವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಶುರುಮಾಡಿದ ಕೈರೋಪ್ರಾಕ್ಟಿಕ್‌ನ ಪಾಠವೇ ‘ಮೂಳೆ ಜಾರಿದೆ, ಕೂರಿಸುತ್ತೇನೆ’ ಎಂಬುದು. ಅದಕ್ಕೆ ಆಧಾರವಿಲ್ಲ. ಲಟಕ್ ಎನ್ನುವುದು ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಏಳುವ ಸದ್ದು, ಮೂಳೆ ಕೂತ ಸದ್ದಲ್ಲ. ಫಿಸಿಯೋಥೆರಪಿಯವರು ಕಲಿಯುವ ಜೆಫ್ರಿ ಮೇಟ್‌ಲ್ಯಾಂಡ್ ಪದ್ಧತಿ ಈ ವಿಷಯದಲ್ಲಿ ವಿನಯವಂತ: ಮೊದಲ ನಾಲ್ಕು ಹಂತ ಮೆಲ್ಲಗೆ ಆಡಿಸುವುದು, ಐದನೆಯದು ಮಾತ್ರ ಥಟ್ಟನೆ ಒತ್ತುವುದು, ಪ್ರತಿ ಹಂತದಲ್ಲೂ ನೋವು ಏನಾಯಿತೆಂದು ರೋಗಿಯನ್ನೇ ಕೇಳಬೇಕು. ಆದರೆ ವಾರಾಂತ್ಯದ ತರಬೇತಿಗಳಿಗೆ ಜನ ಐದನೆಯದನ್ನಷ್ಟೇ ಕಲಿಯಲು ಬಂದರೆ?

ಕಲಿಸಬೇಕಾದ ಕಷ್ಟದ ಪಾಠ, ಯಾರ ಬೆನ್ನು ಮುಟ್ಟಬಾರದು ಎಂಬುದು. ಸಂಜೆ ಜ್ವರ ಬಂದು ತೂಕ ಇಳಿಯುತ್ತಿದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು. ಮೂತ್ರ ಕಟ್ಟಿ ತೊಡೆಸಂದು ಮರಗಟ್ಟಿದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಸೇರಿಸಬೇಕು. ಮೂಳೆ ಸವೆದ ಅಜ್ಜಿಯ ಬೆನ್ನು ತುಳಿದರೆ ಮುರಿದೇ ಹೋದೀತು. ಕತ್ತನ್ನಂತೂ ಸಲೂನಿನ ಕುರ್ಚಿಯಲ್ಲಿ ತಿರುಗಿಸಲು ಕೊಡಲೇಬಾರದು. ಅಪರೂಪಕ್ಕಾದರೂ ರಕ್ತನಾಳ ಸೀಳಿ ಲಕ್ವ ಹೊಡೆದದ್ದುಂಟು.

ಮೂಳೆ ಜಾರಿದೆ ಎಂದು ನಂಬಿದವರು ಬಗ್ಗಲು ಹೆದರುತ್ತಾರೆ. ಗದ್ದೆಗಿಳಿಯುವ ಹೆಂಗಸಿಗೆ ಬಗ್ಗದೆ ವಿಧಿಯಿಲ್ಲ. ಅವಳು ಎಷ್ಟು ದಿನಕ್ಕೆ, ಎಷ್ಟೆಷ್ಟು ಬಗ್ಗುತ್ತ ಮತ್ತೆ ಪೈರು ಹಿಡಿಯಬಹುದು ಎಂಬುದನ್ನು ಆ ಲಟಲಟ ವಿಡಿಯೊಗಳಲ್ಲಿ ಒಂದರಲ್ಲೂ ನಾನು ಕಂಡಿಲ್ಲ.